ಸಮೃದ್ಧಿಗೆ ಕೂತ ಅಕ್ಕ

ನನ್ನ ಅಕ್ಕ ಇದುವರೆಗೆ ಹನ್ನೊಂದು ಸಲ ಹಸಿದಿದ್ದಾಳೆ, ನಾಲ್ಕು ಸಲ ವಿಧವೆಯಾಗಿದ್ದಾಳೆ, ಎರಡು ಸಲ ಸತ್ತಿದ್ದಾಳೆ. ಇದೆಲ್ಲ ಎಣ್ಣೆಬಣ್ಣದಲ್ಲಿ, ಇದ್ದಿಲಿನಲ್ಲಿ, ಮಣ್ಣಿನಲ್ಲಿ. ನಿಜವಾಗಿ ಅವಳು ಹೊತ್ತುಹೊತ್ತಿಗೆ ನಮ್ಮೆಲ್ಲರಿಗಿಂತ ಎರಡು ತುತ್ತು ಹೆಚ್ಚೇ ಉಣ್ಣುವವಳು. ಅವಳ ಗಂಡ, ಅಂದರೆ ನಮ್ಮ ಭಾವ, ಲಿಫ್ಟ್ ರಿಪೇರಿಯ ಕೆಲಸದಲ್ಲಿದ್ದು ಎಂಟು ಮಹಡಿಗಳ ನಡುವೆ ಆರೋಗ್ಯವಾಗಿ ಹತ್ತಿ ಇಳಿದುಕೊಂಡಿದ್ದಾರೆ.

ಅಕ್ಕ ಚಿತ್ರಕಲಾ ಶಾಲೆಯಲ್ಲಿ ಮಾಡೆಲ್. ಮಾಡೆಲ್ ಎಂದ ಕೂಡಲೇ ನೀವು ಏನು ಊಹಿಸಿಕೊಂಡಿರೋ ಅದಲ್ಲ. ಒಂದಡಿ ಎತ್ತರದ ಮರದ ಕಟ್ಟೆ, ಅದರ ಮೇಲೊಂದು ಸ್ಟೂಲು, ಸ್ಟೂಲಿನ ಕಾಲಿನ ಸುತ್ತ ಮತ್ತು ಅವಳ ಪಾದದ ಸುತ್ತ ಸೀಮೆಸುಣ್ಣದ ಗೆರೆ. ಗಂಟೆ ಹೊಡೆದರೆ ಕೂರಬೇಕು, ಇಪ್ಪತ್ತೈದು ನಿಮಿಷ ಅಲ್ಲಾಡಬಾರದು, ಮತ್ತೆ ಗಂಟೆ ಹೊಡೆದರೆ ಐದು ನಿಮಿಷ ಎದ್ದು ಸೊಂಟ ಮುರಿದುಕೊಳ್ಳಬಹುದು, ಮತ್ತೆ ಬಂದು ಅದೇ ಗೆರೆಯೊಳಗೆ ಪಾದ ಇಟ್ಟು ಅದೇ ಕಡೆ ನೋಡಬೇಕು. ಸುಲಭ ಅನ್ನಿಸಿದರೆ ಈಗಲೇ ಕೂತು ನೋಡಿ. ನಾನೊಮ್ಮೆ ಪಂಥ ಕಟ್ಟಿ ಕೂತು ನಾಲ್ಕನೇ ನಿಮಿಷಕ್ಕೆ ಸೀನಿದೆ; ಹದಿನಾರು ವಿದ್ಯಾರ್ಥಿಗಳ ಕಾಗದದಲ್ಲಿ ನನಗೆ ಎರಡೆರಡು ಮೂಗು ಬಂತು. ಅಕ್ಕನ ಮೂಗಿನ ಮೇಲೆ ನೊಣ ಕೂತು, ಕೈಕಾಲು ಉಜ್ಜಿಕೊಂಡು, ಬೇಸರ ಬಂದು ಹಾರಿಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕ ರೆಪ್ಪೆ ಸಹ ಬಡಿದಿರಲಿಲ್ಲ.

ಇಪ್ಪತ್ತೆರಡು ವರ್ಷ ಅವಳಿಗೆ ಈ ಕೆಲಸ ಕೊಟ್ಟದ್ದು ಅವಳ ಕೆನ್ನೆ, ಅಂದರೆ ಇಲ್ಲದ ಕೆನ್ನೆ. ನಮ್ಮ ಮನೆಯಲ್ಲಿ ಕೆನ್ನೆಯ ಹಂಚಿಕೆ ಸರಿಯಾಗಿ ಆಗಲಿಲ್ಲ. ಎರಡು ಪಾಲೂ ನನಗೇ ಬಂತು. ಅಕ್ಕನ ಕಣ್ಣಿನ ಕೆಳಗೆ ಮೂಳೆ ಎದ್ದು, ಅದರ ಕೆಳಗೆ ಒಂದು ಗುಂಡಿ ಬಿದ್ದು, ಆ ಗುಂಡಿಯಲ್ಲಿ ಬೆಳಗಿನ ಹತ್ತು ಗಂಟೆಗೇ ಸಂಜೆ ಆಗಿರುತ್ತಿತ್ತು. ನೆರಳು ಬಿಡಿಸುವುದನ್ನು ಕಲಿಯುವ ಮಕ್ಕಳಿಗೆ ಇದಕ್ಕಿಂತ ಬೇಕೇ? ಅವರು ಅವಳಿಗೆ ಮೂಳೆಯಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು, ಪ್ರೀತಿಯಿಂದ. ಪ್ರೀತಿಯಿಂದ ಕರೆದರೆ ಏನು ಬೇಕಾದರೂ ಕರೆಯಬಹುದು ಎಂದು ಆ ವಯಸ್ಸಿನಲ್ಲಿ ನಂಬಿಕೆ ಇರುತ್ತದೆ.

ನಾನು ಅದೇ ಶಾಲೆಯ ಸ್ಟೋರ್ ಕೀಪರ್. ಅಕ್ಕ ಯಾರ್ಯಾರಿಗೋ ಹೇಳಿ ಕೊಡಿಸಿದ ಕೆಲಸ. ಕಾಗದ, ಬಣ್ಣ, ಕುಂಚ ಎಣಿಸಿ ಕೊಡುವುದು ಒಂದು ಭಾಗ. ಇನ್ನೊಂದು, ಶಿಲ್ಪದ ಕೋಣೆಯಲ್ಲಿ ಅರ್ಧಕ್ಕೆ ನಿಂತ ಮಣ್ಣಿನ ತಲೆಗಳಿಗೆ ಸಂಜೆ ನಾಲ್ಕೂವರೆಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿ ಹೋಗುವುದು. ಇದನ್ನು ಮರೆತರೆ ಜೇಡಿಮಣ್ಣು ಒಣಗುತ್ತದೆ, ಒಣಗಿದರೆ ಕುಗ್ಗುತ್ತದೆ, ಕುಗ್ಗಿದರೆ ಬಿರಿಯುತ್ತದೆ. ಉಳಿದ ಹೊತ್ತಿನಲ್ಲಿ ನಾನು ಪತ್ರಿಕೆಗಳಿಗೆ ಹಾಸ್ಯಲೇಖನ ಬರೆಯುತ್ತೇನೆ. ಅವುಗಳನ್ನು ಓದಿ ಯಾರಾದರೂ ನಕ್ಕಿದ್ದನ್ನು ನಾನು ಆಗ ಇನ್ನೂ ನೋಡಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಕ್ಕ ತನ್ನ ಮುಖದ ಬಗ್ಗೆ ತಾನೇ ನಗುತ್ತಿದ್ದಳು. ಒಮ್ಮೆ ಯಾರೋ ವಿದ್ಯಾರ್ಥಿ ಬರೆದ ಅವಳ ಚಿತ್ರ ಆರೋಗ್ಯ ಪ್ರಚಾರದ ಪೋಸ್ಟರ್ ಆಗಿ ಬಸ್ಸುಗಳ ಹಿಂಭಾಗಕ್ಕೆ ಹತ್ತಿತು: ‘ಎರಡು ವಾರ ಮೀರಿದ ಕೆಮ್ಮೇ?’ ಆ ತಿಂಗಳು ಅಕ್ಕ ಬಸ್ಸು ಹತ್ತಿದರೆ ಸಾಕು, ಜನ ಎದ್ದು ಸೀಟು ಬಿಡುತ್ತಿದ್ದರು. ಬಿಟ್ಟು, ಪಕ್ಕದ ಸೀಟಿನವರೂ ಎದ್ದು ಹೋಗುತ್ತಿದ್ದರು. ‘ಒಬ್ಬಳೇ ಕಾಲು ಚಾಚ್ಕೊಂಡು ಬಂದೆ ಕಣೋ, ಮಹಾರಾಣಿ ಥರ’ ಎನ್ನುತ್ತಿದ್ದಳು. ಭಾವನಂತೂ ಪ್ರತಿ ವಾರ್ಷಿಕ ಪ್ರದರ್ಶನಕ್ಕೂ ತಪ್ಪದೆ ಬಂದು ‘ವಿಧವೆ’ ಎಂಬ ಚಿತ್ರದ ಮುಂದೆ ನಿಂತು ಕಡಲೆಕಾಯಿ ಬಿಡಿಸುವರು.

‘ನೋಡೋ, ನಾನು ಹೋದ್ಮೇಲೆ ನಿಮ್ಮಕ್ಕ ಇನ್ನೂ ಗಂಭೀರವಾಗಿ ಕಾಣ್ತಾಳೆ.’

‘ನೀವು ಹೋಗಿ ನೋಡಿ ರೀ ಒಂದ್ಸಲ, ಎಷ್ಟು ದಪ್ಪ ಆಗ್ತೀನಿ ಅಂತ’ ಎನ್ನುವಳು ಅಕ್ಕ.

ಹೀಗೆ ನಗುತ್ತಿದ್ದವಳು ನಗು ನಿಲ್ಲಿಸಿದ್ದು ಹೆಬ್ಬೆರಳಿನಿಂದ.

ಹೆಬ್ಬೆರಳು ಎಂದರೆ ನಮ್ಮ ಶಿಲ್ಪವಿಭಾಗದ ಹಿರಿಯ ಮೇಷ್ಟ್ರು. ಮಕ್ಕಳು ವಾರಗಟ್ಟಲೆ ಕೂತು ಮಾಡಿದ ಮೂಗನ್ನು ನಡೆದು ಹೋಗುತ್ತಲೇ ಹೆಬ್ಬೆರಳಿನಿಂದ ಒಂದು ಸಲ ಒತ್ತಿ ‘ಹೀಗೆ’ ಎಂದು ಮುಂದೆ ಸಾಗುವರು. ಆ ಒಂದು ಒತ್ತಿಗೆ ಮೂಗು ಜೀವಂತವಾಗಿ ಬಿಡುತ್ತಿತ್ತು, ಮಾಡಿದವನು ಸತ್ತುಹೋಗುತ್ತಿದ್ದ. ಅವರಿಗೆ ಕಣ್ಣಿಗಿಂತ ಅಳತೆಯ ಮೇಲೆ ನಂಬಿಕೆ. ಏಡಿಯ ಕೊಂಡಿಯ ಹಾಗೆ ಬಾಗಿದ ಎರಡು ಕಾಲಿನ ಕ್ಯಾಲಿಪರ್ ಒಂದನ್ನು ಸದಾ ಜೇಬಿನಲ್ಲಿಟ್ಟುಕೊಂಡು, ಮುಖವನ್ನು ಅಳೆದು, ಮಣ್ಣನ್ನು ಅಳೆದು, ಅಂಕಿಗಳನ್ನು ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಬರೆಯುವರು. ಅವರ ನಿವೃತ್ತಿಗೆ ಒಂದು ವರ್ಷ ಇತ್ತು. ಶಾಲೆಯ ಹೊಸ ಕಟ್ಟಡದ ಬಾಗಿಲಲ್ಲಿ ನಿಲ್ಲಿಸಲು ಕಂಚಿನಲ್ಲಿ ಒಂದು ದೊಡ್ಡ ಹೆಣ್ಣುಮುಖ ಮಾಡಿಕೊಡಿ ಎಂದು ಸಮಿತಿ ಕೇಳಿತು. ಹೆಸರನ್ನೂ ಸಮಿತಿಯೇ ಇಟ್ಟಿತು: ‘ಸಮೃದ್ಧಿ’.

ಚಹಾದ ಹೊತ್ತಿನಲ್ಲಿ ಸುದ್ದಿ ಬಂತು. ಅಕ್ಕ ಲೋಟ ಕೆಳಗಿಟ್ಟು, ‘ಮೇಷ್ಟ್ರೇ, ಇದಕ್ಕೆ ನಾನು ಕೂರ್ಲಾ?’ ಎಂದಳು.

ಹೆಬ್ಬೆರಳು ಅವಳನ್ನು ನೋಡಿದರು. ಅವರು ಕೆಟ್ಟವರಲ್ಲ, ಬರೀ ಚುರುಕು. ‘ಅಮ್ಮಾ, ನಿನ್ನನ್ನ ಕೂರಿಸಿ ಸಮೃದ್ಧಿ ಅಂತ ಹೆಸರಿಡೋ ಧೈರ್ಯ ಸರ್ಕಾರಕ್ಕೆ ಮಾತ್ರ ಇರುತ್ತೆ’ ಎಂದರು.

ಕೋಣೆಗೆ ಕೋಣೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ ಇರಬೇಕು. ಒಳ್ಳೆಯ ಮಾತು ಕೇಳಿದರೆ ನನಗೆ ಹೊಟ್ಟೆಕಿಚ್ಚಿಗೇ ನಗು ಬರುತ್ತದೆ. ಅಕ್ಕನೂ ನಕ್ಕಳು. ಆದರೆ ಗಂಟೆ ಹೊಡೆಯಲು ಇನ್ನೂ ಮೂರು ನಿಮಿಷ ಇರುವಾಗಲೇ ಹೋಗಿ, ಸೀಮೆಸುಣ್ಣದ ಗೆರೆಯೊಳಗೆ ಪಾದ ಇಟ್ಟು ಕೂತುಬಿಟ್ಟಳು.

ಸಂಜೆ ಬಸ್‌ಸ್ಟಾಪಿನವರೆಗೆ ಇಬ್ಬರೂ ನಡೆದೆವು. ಆಮೇಲೆ ಹೇಳಿದಳು: ‘ನಾನು ಹೋದ್ಮೇಲೆ ನನ್ನ ಮೊಮ್ಮಕ್ಕಳು ಅಜ್ಜಿ ಹೆಂಗಿದ್ಳು ಅಂತ ಶಾಲೆಯ ಹಳೇ ಚಿತ್ರ ತುಂಬಿರೋ ಆ ಗೋಡೌನ್‌ನಲ್ಲಿ ಹುಡುಕಿದ್ರೆ ಏನೋ ಸಿಗುತ್ತೆ? ಹದಿನೇಳು ಹೆಣ. ಒಂದೇ ಒಂದ್ಸಲ ತುಂಬಿದ ಮುಖವಾಗಿ ಕೂರ್ಬೇಕು ಕಣೋ. ಒಂದು ಸಾಕು.’

‘ಅದಕ್ಕೆ ಮುಖ ತುಂಬಬೇಕಲ್ಲಕ್ಕ.’

‘ತುಂಬಿಸ್ತಾರಂತೆ’ ಎಂದಳು. ‘ಸೂಜಿ ಹಾಕಿ.’

ಖರ್ಚಿನ ಮಾತೆತ್ತಿದೆ. ‘ನಿನ್ನ ಹತ್ರ ಕೇಳಿದ್ನಾ?’ ಎಂದಳು. ಆ ವಿಷಯ ಅಲ್ಲಿಗೆ ಮುಗಿಯಿತು. ಭಾವನಿಗೆ ಹೇಳಕೂಡದು ಎಂದು ತನ್ನ ತಲೆಯ ಮೇಲೆ ನನ್ನ ಕೈಯಿಡಿಸಿ ಆಣೆ ಮಾಡಿಸಿಕೊಂಡಳು. ಅವಳ ಜೀವಮಾನದ ದೊಡ್ಡ ತಪ್ಪು ಸೂಜಿಯಲ್ಲ. ಗುಟ್ಟು ಇಡಲು ನನ್ನನ್ನು ಆರಿಸಿದ್ದು.

ಚರ್ಮದ ಡಾಕ್ಟರಮ್ಮನ ವಯಸ್ಸು ಇಪ್ಪತ್ತೈದೋ ಐವತ್ತೈದೋ ಹೇಳುವಂತಿರಲಿಲ್ಲ. ಬಿಳಿ ಕುರ್ಚಿ, ಎದುರಿಗೆ ಗುಂಡು ಕನ್ನಡಿ, ಟ್ರೇಯಲ್ಲಿ ಹೆಬ್ಬೆಟ್ಟಿನ ಗಾತ್ರದ ಬಾಟಲಿ, ಅದರ ತಳದಲ್ಲಿ ಒಂದಿಷ್ಟು ಬಿಳಿ ಪುಡಿ. ಆಕೆ ನೇರ ಮನುಷ್ಯಳು. ಏನಾಗುತ್ತದೆ, ಏನಾಗುವುದಿಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು.

‘ನೋಡಿಮ್ಮ, ಇದು ದಿಂಬಿಗೆ ಹತ್ತಿ ತುರುಕಿದ ಹಾಗಲ್ಲ. ಈ ಪುಡಿನ ನೀರಲ್ಲಿ ಕಲಸಿ ಕೆನ್ನೆ ಒಳಗೆ, ಕಣತಲೆ ಹತ್ರ ಹಾಕ್ತೀವಿ. ಅದು ಅಲ್ಲಿ ಕೂತು ನಿಮ್ಮ ಚರ್ಮಕ್ಕೆ ಕಿರಿಕಿರಿ ಮಾಡುತ್ತೆ. ಚರ್ಮ ಸುಮ್ನಿರಲ್ಲ, ತನ್ನ ಕೊಲಾಜನ್ ತಾನೇ ಮಾಡ್ಕೊಳ್ಳೋಕೆ ಶುರು ಮಾಡುತ್ತೆ. ಅಂದ್ರೆ ಚರ್ಮದ ಒಳಗಿನ ಪಾಯ. ಅದು ನಿಧಾನ. ಆರೇಳು ವಾರ ಏನೂ ಕಾಣಲ್ಲ. ಒಂದು ಸಲಕ್ಕೆ ಆಗಲ್ಲ, ಐದೈದು ವಾರ ಬಿಟ್ಟು ಮೂರು ಸಲ ಬರ್ಬೇಕು. ಪೂರ್ತಿ ಕಾಣ್ಸೋಕೆ ನಾಲ್ಕೈದು ತಿಂಗಳು.’

‘ನೋವು?’ ನಾನು ಕೇಳಿದೆ. ಸೂಜಿ ನನಗಲ್ಲದಿದ್ದರೂ ಬೆವರುತ್ತಿದ್ದವನು ನಾನೇ.

‘ಮರಗಟ್ಟಿಸೋ ಮುಲಾಮು ಹಚ್ತೀವಿ. ಆದ್ರೂ ಚುಚ್ಚುತ್ತೆ. ಬಾವು ಬರುತ್ತೆ, ಕೆಲವರಿಗೆ ನೀಲಿಗಟ್ಟುತ್ತೆ, ಒಳಗೆ ಸಣ್ಣ ಗಂಟು ಸಿಕ್ಕ ಹಾಗೂ ಆಗ್ಬಹುದು. ಅದಕ್ಕೇ ಐದು ದಿನ, ದಿನಕ್ಕೆ ಐದು ಸಲ, ಸಲಕ್ಕೆ ಐದು ನಿಮಿಷ ಕೆನ್ನೆ ತಿಕ್ಕಬೇಕು. ಮರೀಬಾರ್ದು.’ ಆಮೇಲೆ ಬೆರಳೆತ್ತಿ, ‘ಮುಖ್ಯವಾದ್ದು ಕೇಳಿ. ಹಾಕಿದ ಕೂಡ್ಲೆ ಕನ್ನಡಿ ನೋಡಿದ್ರೆ ಮುಖ ತುಂಬಿರುತ್ತೆ. ಎಲ್ರೂ ಕುಣೀತಾರೆ. ಅದು ನೀರು. ಎರಡು ಮೂರು ದಿನದಲ್ಲಿ ಇಂಗಿ, ಮೊದಲಿನ ಮುಖವೇ ವಾಪಸ್ ಬರುತ್ತೆ. ಆಗ ಅಳ್ತಾ ಫೋನ್ ಮಾಡ್ಬೇಡಿ.’

ಇಷ್ಟೆಲ್ಲ ಹೇಳಿದ್ದರಲ್ಲಿ ಅಕ್ಕ ಕೇಳಿಸಿಕೊಂಡದ್ದು ಒಂದೇ ಮಾತು.

‘ಆ ಎರಡು ದಿನ ಗ್ಯಾರಂಟಿ ತುಂಬಿರುತ್ತಾ?’

‘ಅದು ಬರೀ ನೀರಮ್ಮ.’

‘ಗೊತ್ತಾಯ್ತು. ಆದ್ರೆ ಇರುತ್ತಾ?’

‘ಇರುತ್ತೆ’ ಎಂದರು ಡಾಕ್ಟರಮ್ಮ, ಏನೋ ತಪ್ಪಾಯಿತೇನೋ ಎಂಬ ಮುಖ ಮಾಡಿ.

ಅಕ್ಕನ ಲೆಕ್ಕ ನನಗೆ ಆಗ ಹೊಳೆಯಿತು. ಹೆಬ್ಬೆರಳು ಮಾಡೆಲ್ ಆರಿಸುವುದು ಶನಿವಾರ ಬೆಳಿಗ್ಗೆ. ಆ ದಿನಕ್ಕೆ ನೀರು ಸಾಕು. ಆರಿಸಿದ ಮೇಲೆ ಕೂರುವುದು ಮೂರು ತಿಂಗಳು. ಅಷ್ಟರಲ್ಲಿ ನಿಜವಾದದ್ದು ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ. ನಡುವಿನ ಗುಂಡಿಯನ್ನು ಹೇಗಾದರೂ ದಾಟಿದರಾಯಿತು. ಶುಕ್ರವಾರ ಸಂಜೆ ಮೊದಲ ಸೂಜಿ ಬಿತ್ತು. ಮುಖದ ಮೇಲೆ ಪೆನ್ಸಿಲ್ಲಿನಲ್ಲಿ ಚುಕ್ಕಿ ಇಟ್ಟು, ಎಡಕ್ಕೆ ಎಂಟು, ಬಲಕ್ಕೆ ಎಂಟು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ. ‘ಇಷ್ಟು ಅಲ್ಲಾಡದೆ ಕೂತ ಪೇಷಂಟ್ ನಾನು ನೋಡಿಲ್ಲ’ ಎಂದರು ಡಾಕ್ಟರಮ್ಮ. ‘ಅದೇ ನನ್ನ ಕೆಲಸ’ ಎಂದಳು ಅಕ್ಕ, ತುಟಿ ಅಲ್ಲಾಡಿಸದೆ.

ಆಮೇಲೆ ಕನ್ನಡಿ ಕೊಟ್ಟರು. ಅಕ್ಕ ಬಹಳ ಹೊತ್ತು ನೋಡಿದಳು. ರಕ್ತದ ಎರಡು ಹನಿ ಇನ್ನೂ ಒರೆಸಿರಲಿಲ್ಲ. ‘ಲೋ, ಅಮ್ಮನ ಮುಖ ಕಣೋ ಇದು’ ಎಂದಳು.

ಶನಿವಾರ ಶಿಲ್ಪದ ಕೋಣೆಯಲ್ಲಿ ಇಬ್ಬರೇ ಕೂತಿದ್ದರು: ಅಕ್ಕ ಮತ್ತು ಕ್ಯಾಂಟೀನಿನಾಕೆ. ಕ್ಯಾಂಟೀನಿನಾಕೆಗೆ ಹುಟ್ಟಾ ದುಂಡು ಮುಖ. ಆದರೆ ಒಲೆಯ ಮೇಲೆ ಹಾಲಿಟ್ಟು ಬಂದಿದ್ದರಿಂದ ಅರೆಗಳಿಗೆಯೂ ನೆಟ್ಟಗೆ ಕೂರಲಿಲ್ಲ. ಅಕ್ಕನನ್ನು ಒಮ್ಮೆ ನೋಡಿ, ‘ಏನಕ್ಕಾ, ಹಲ್ಲುನೋವಾ?’ ಎಂದಳು. ಅಕ್ಕ ಗದ್ದ ಎತ್ತಿ ಎದುರಿನ ಗೋಡೆ ನೋಡಿದಳು. ನೀಲಿಗಟ್ಟಿದ ಕಡೆ ಪೌಡರ್ ದಪ್ಪಗೆ ಬಳಿದಿದ್ದಳು. ಹೆಬ್ಬೆರಳು ಅವಳ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕ್ಯಾಲಿಪರ್ ತೆಗೆದು ಕೆನ್ನೆಯಿಂದ ಕೆನ್ನೆಗೆ ಅಳೆದು ಗೋಡೆಯ ಮೇಲೆ ಬರೆದರು.

‘ಎಲ್ಲಿತ್ತಮ್ಮ ಇದು ಇಷ್ಟು ದಿನ?’

‘ಒಳಗಿತ್ತು ಮೇಷ್ಟ್ರೇ.’

‘ಇಪ್ಪತ್ತೆರಡು ವರ್ಷ ದಿನಾ ನೋಡಿದ್ರೂ ನಾನು ನೋಡಿರ್ಲಿಲ್ಲ’ ಎಂದು ಅವರು ತಮ್ಮನ್ನು ತಾವೇ ಬೈದುಕೊಂಡರು, ಹೆಮ್ಮೆಯಿಂದ. ಕಲಾವಿದರಿಗೆ ತಮ್ಮ ಕುರುಡುತನ ಕೂಡ ದೊಡ್ಡದಾಗಿಯೇ ಕಾಣುತ್ತದೆ. ಅಕ್ಕ ಸಮೃದ್ಧಿಯಾದಳು.

ಮಂಗಳವಾರ ಕೂರಲು ಹೋದಾಗ ನೀರೆಲ್ಲ ಇಂಗಿತ್ತು. ಗುಂಡಿ ಗುಂಡಿಯ ಜಾಗದಲ್ಲಿ, ಮೂಳೆ ಮೂಳೆಯ ಜಾಗದಲ್ಲಿ. ಹೆಬ್ಬೆರಳು ಅವಳನ್ನು ನೋಡಿದರು, ಗೋಡೆ ನೋಡಿದರು, ಕಿಟಕಿ ನೋಡಿದರು. ಮತ್ತೆ ಅಳೆದರು. ಎರಡೂ ಕಡೆ ಒಂದೊಂದು ಅಕ್ಕಿಕಾಳಿನಷ್ಟು ಕಡಿಮೆ. ‘ಶನಿವಾರ ಕನ್ನಡಕ ಒರೆಸಿರ್ಲಿಲ್ವೇನೋ’ ಎಂದು ಗೊಣಗಿದರು. ಆದರೆ ಆರಿಸಿದ್ದನ್ನು ಬದಲಾಯಿಸಿದರೆ ಕಣ್ಣು ತಪ್ಪಿತ್ತು ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ. ‘ಇರ್ಲಿ, ಉಳಿದಿದ್ದನ್ನ ನನ್ನ ಕೈ ತರುತ್ತೆ’ ಎಂದು ಕಂಬಿಯ ಮೇಲೆ ಮಣ್ಣು ಮೆತ್ತಲು ಶುರುಮಾಡಿದರು.

ಅಕ್ಕ ಸುಮ್ಮನಿರಲಿಲ್ಲ. ಐದು ನಿಮಿಷದ ಬಿಡುವು ಸಿಕ್ಕಿದರೆ ನನ್ನ ಸ್ಟೋರಿನ ಬಾಗಿಲು ಹಾಕಿಕೊಂಡು ಕೆನ್ನೆ ತಿಕ್ಕುವಳು. ನಾನು ಗಡಿಯಾರ ಹಿಡಿದು ಕಾಯುವವನು. ಐದನೇ ವಾರದ ಶನಿವಾರ ಸಂಜೆ ಎರಡನೆಯ ಸೂಜಿ ಬಿತ್ತು. ಇಲ್ಲಿಂದ ನಮ್ಮ ಹೆಬ್ಬೆರಳಿನ ನರಕ ಶುರುವಾಯಿತು.

ಸೋಮವಾರ ಮುಖ ಊದಿದೆ. ಅವರು ಅಕ್ಕನನ್ನು ಅಳೆದರು, ಮಣ್ಣನ್ನು ಅಳೆದರು. ಮಣ್ಣು ಚಿಕ್ಕದಾಗಿದೆ. ಮಣ್ಣು ಚಿಕ್ಕದಾಗಲು ಶಿಲ್ಪಿಗೆ ಗೊತ್ತಿರುವ ಕಾರಣ ಒಂದೇ. ‘ಲೋ ಸ್ಟೋರು! ಬಟ್ಟೆ ಸುತ್ತಿಲ್ವೇನೋ ಎರಡು ದಿನ? ಮಣ್ಣು ಕುಗ್ಗಿದೆ!’

‘ಸುತ್ತಿದೀನಿ ಸಾರ್, ತಾಯಾಣೆ.’

‘ಹಂಗಾದ್ರೆ ಈಯಮ್ಮನ ತಲೆ ಬೆಳೀತಾ?’

ವಿದ್ಯಾರ್ಥಿಗಳು ನಕ್ಕರು. ಅಕ್ಕ ಗೆರೆಯೊಳಗೆ ಪಾದ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದಳು. ಹೆಬ್ಬೆರಳು ಕೆನ್ನೆಗೆ ಮಣ್ಣು ಸೇರಿಸಿದರು. ಬುಧವಾರ ನೀರು ಇಂಗಿತು; ಈಗ ಮಣ್ಣು ದಪ್ಪ, ಮುಖ ತೆಳು. ಕೆರೆದು ತೆಗೆದರು. ಎಂಟನೇ ವಾರದ ಹೊತ್ತಿಗೆ ನಿಜವಾದ ಕೊಲಾಜನ್ ಒಳಗಿಂದ ನಿಧಾನವಾಗಿ ಏಳತೊಡಗಿತು. ಮತ್ತೆ ಮಣ್ಣು ಚಿಕ್ಕದು, ಮತ್ತೆ ನನಗೆ ಬೈಗುಳ. ಹತ್ತನೇ ವಾರ ಮೂರನೆಯ ಸೂಜಿ: ಸೋಮವಾರ ಏರಿತು, ಬುಧವಾರ ಇಳಿಯಿತು. ಅವರು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಹೊಸ ಕನ್ನಡಕ ಹಾಕಿಸಿಕೊಂಡು ಬಂದರು. ಹೊಸ ಕನ್ನಡಕದಲ್ಲೂ ಅಳತೆ ಕೂಡಲಿಲ್ಲ. ಒಂದು ಮಧ್ಯಾಹ್ನ ನಾನು ಬಕೆಟ್ಟು ಹಿಡಿದು ಒಳಗೆ ಹೋದಾಗ ಅವರೊಬ್ಬರೇ ಕಿಟಕಿಯ ಹತ್ತಿರ ನಿಂತು, ಎರಡೂ ಕೈಯನ್ನು ಬೆಳಕಿಗೆ ಚಾಚಿ, ಬೆರಳು ನಡುಗುತ್ತಿವೆಯೇ ಎಂದು ನೋಡುತ್ತಿದ್ದರು.

ಮರುದಿನ ನನಗೆ ನೋಟೀಸು ಬಂತು. ಮಣ್ಣಿನ ಕೆಲಸವನ್ನು ಒಣಗಲು ಬಿಟ್ಟ ಕರ್ತವ್ಯಲೋಪಕ್ಕಾಗಿ ತಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು, ಮೂರು ದಿನದಲ್ಲಿ ಲಿಖಿತ ಉತ್ತರ ಕೊಡತಕ್ಕದ್ದು. ಹೆಬ್ಬೆರಳು ತಾವೇ ಸ್ಟೋರಿಗೆ ಬಂದು ಕೊಟ್ಟರು. ಕೊಟ್ಟು, ಹೋಗದೆ ನಿಂತರು.

‘ನೀನು ಬಟ್ಟೆ ಒದ್ದೆ ಮಾಡ್ತಿಲ್ಲ ಅಂತಾದ್ರೆ ನನ್ನ ಕೈ ಉಳಿಯುತ್ತೆ’ ಎಂದರು. ‘ಮಾಡ್ತಿದ್ದೀಯ ಅಂತಾದ್ರೆ ನನ್ನ ಕೈ ಹೋಯ್ತು. ಯಾವುದು ಅಂತ ಬರ್ಕೊಡು.’

ಅಕ್ಕನಿಗೆ ನೋಟೀಸು ತೋರಿಸಿದೆ. ಓದಿ ಮಡಿಸಿ ನನ್ನ ಜೇಬಿಗೇ ತುರುಕಿದಳು. ‘ಇನ್ನೆರಡೇ ವಾರ ಕಣೋ. ಆಮೇಲೆ ಪ್ಲಾಸ್ಟರ್ ಅಚ್ಚು ತೆಗೀತಾರೆ, ಅಲ್ಲಿಗೆ ಮುಖ ಗಟ್ಟಿ. ಮಣ್ಣಲ್ಲಿ ನೋಡಿದ್ಯಾ? ಬರ್ತಿದೆ. ನಿಜವಾಗ್ಲೂ ಬರ್ತಿದೆ. ನೀನು ಮರ್ತೆ ಅಂತ ಬರ್ದುಬಿಡು. ನಿನ್ನನ್ನೇನು ತೆಗ್ಯಲ್ಲ, ಒಂದಿಷ್ಟು ಬೈತಾರೆ. ನನಗೋಸ್ಕರ ಒಂದ್ಸಲ ಬೈಸ್ಕೊಳೋ.’

‘ಹೂಂ’ ಎಂದೆ.

ಬರೆಯಲು ಕೂತೆ. ‘ಮರೆತೆ’ ಎಂದು ಬರೆದೆ. ನೋಡಲು ಬೋಳುಬೋಳಾಗಿತ್ತು. ಹರಿದು ಹಾಕಿದೆ. ಕ್ರಮ ಎಂಬ ಪದ ಕಣ್ಣಿಗೆ ಚುಚ್ಚುತ್ತಿತ್ತು. ಬೈಸಿಕೊಳ್ಳಲು ಅಂಜಿದೆ ಎಂದರೆ ಅರ್ಧ ಸತ್ಯ. ಪಾಪ ಆ ಮನುಷ್ಯ ತನ್ನ ಕೈಯನ್ನೇ ಅನುಮಾನಿಸುತ್ತಿದ್ದಾನೆ ಎಂದು ಕರಗಿದೆ ಎಂದರೆ ಕಾಲು ಸತ್ಯ. ಹಾಗೆ ನನಗೆ ನಾನೇ ಹೇಳಿಕೊಂಡದ್ದುಂಟು. ಉಳಿದ ಕಾಲು ಭಾಗವನ್ನು ಈಗ ಹೇಳಿಬಿಡುತ್ತೇನೆ: ವಿಷಯ ಬಹಳ ಚೆನ್ನಾಗಿತ್ತು. ಸೋಮವಾರ ಉಬ್ಬಿ ಬುಧವಾರ ಇಳಿಯುವ ಕೆನ್ನೆ, ಹಿಂದೆ ಓಡುವ ಮಣ್ಣು, ಹೊಸ ಕನ್ನಡಕ. ಇಪ್ಪತ್ತು ವರ್ಷ ಲೇಖನಕ್ಕೆ ವಿಷಯ ಹುಡುಕಿ ಅಲೆದವನ ಮಡಿಲಿಗೆ ತಾನಾಗಿ ಬಿದ್ದದ್ದು. ಪೆನ್ನು ತಡೆಯಲಿಲ್ಲ. ಎರಡು ಪುಟ ಬರೆದೆ. ‘ಮಾನ್ಯರೇ, ತಮ್ಮ ಮಣ್ಣು ಕುಗ್ಗಿಲ್ಲ, ನಮ್ಮ ಅಕ್ಕ ಉಕ್ಕಿದ್ದಾಳೆ’ ಎಂದು ಶುರುವಾಗುತ್ತಿತ್ತು. ‘ಸಮುದ್ರಕ್ಕೆ ಹುಣ್ಣಿಮೆ ಅಮಾವಾಸ್ಯೆ ಇದ್ದ ಹಾಗೆ ಈಕೆಗೆ ಸೋಮವಾರ ಬುಧವಾರ’ ಎಂಬುದು ನಡುವೆ ಎಲ್ಲೋ ಬರುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬರೆದದ್ದಿಲ್ಲ.

ಹೆಬ್ಬೆರಳು ಮೊದಲ ಸಾಲಿಗೇ ಮುಖವೆತ್ತಿ ನನ್ನನ್ನು ನೋಡಿದರು. ಎರಡನೆಯ ಪುಟಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂದು ಹೊಸ ಕನ್ನಡಕ ತೆಗೆದು ಒರೆಸಿಕೊಂಡರು. ‘ಅಂದ್ರೆ ನನ್ನ ಕೈ ಕೆಟ್ಟಿಲ್ಲ! ಕೆಟ್ಟಿಲ್ವೋ!’ ಎಂದು ನನ್ನ ಬೆನ್ನಿಗೆ ಗುದ್ದಿದರು. ಆಮೇಲೆ ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಗಟ್ಟಿಯಾಗಿ ಓದಿದರು. ಏಳು ಜನ ನಕ್ಕರು. ನಾನು ಎಣಿಸಿದೆ. ನನ್ನ ಬರಹಕ್ಕೆ ಜನ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಸುಳ್ಳು ಯಾಕೆ, ಸುಖವಾಯಿತು.

ಅವರು ನೇರ ತರಗತಿಗೆ ಹೋದರು, ನಾನು ಬಕೆಟ್ಟು ಹಿಡಿದು ಹಿಂದೆ. ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತು. ಅಕ್ಕ ಕೂತಿದ್ದಳು, ಗದ್ದ ತುಸು ಮೇಲೆತ್ತಿ, ಸಮೃದ್ಧಿಯ ಹಾಗೆ. ಹೆಬ್ಬೆರಳು ಬಟ್ಟೆ ಬಿಚ್ಚಿ ಮಣ್ಣಿನ ಮುಖದ ಎದುರು ನಿಂತರು. ತುಂಬಿದ ಮುಖ. ಮೂರು ತಿಂಗಳು ಅಕ್ಕ ಕೂತು ಕೂತು ಅವರ ಕೈಯಿಂದ ಎಳೆದು ತಂದ ಮುಖ. ನಮ್ಮ ಅಮ್ಮನ ಮುಖ.

‘ನಿನ್ನ ತಮ್ಮ ಎಲ್ಲಾ ಬರ್ಕೊಟ್ಟ ಕಣಮ್ಮ’ ಎಂದರು ನಗುತ್ತಲೇ. ‘ಪರ್ವಾಗಿಲ್ಲ, ಬೇಜಾರಿಲ್ಲ ನನಗೆ. ಅಲ್ಲಾಡ್ಬೇಡ.’

ಎರಡೂ ಹೆಬ್ಬೆರಳನ್ನು ಆ ಕೆನ್ನೆಗಳ ಮೇಲಿಟ್ಟು ಒತ್ತಿದರು.

ಒದ್ದೆ ಮಣ್ಣು ಎಷ್ಟು ಸುಲಭವಾಗಿ ಒಳಗೆ ಹೋಗುತ್ತದೆ ಎಂದರೆ ನೋಡಿದವರಿಗೆ ತಮ್ಮ ಕೆನ್ನೆ ಮುಟ್ಟಿಕೊಳ್ಳಬೇಕೆನಿಸುತ್ತದೆ. ಅಷ್ಟು ಚೆನ್ನಾಗಿ ಒದ್ದೆ ಮಾಡಿಟ್ಟವನು ನಾನು. ಗೋಡೆಯಲ್ಲಿ ಅಕ್ಕನ ಹಳೆಯ ಇದ್ದಿಲು ಚಿತ್ರಗಳನ್ನು ಅಂಟಿಸಿಕೊಂಡು, ಅವನ್ನು ನೋಡಿಕೊಂಡೇ ಅವರು ಕೆಲಸ ಮಾಡಿದರು; ಕೈ ಒಮ್ಮೆಯೂ ತಡವರಿಸಲಿಲ್ಲ. ಹದಿನಾರು ವಿದ್ಯಾರ್ಥಿಗಳು ತಮ್ಮ ಕೆಲಸ ಬಿಟ್ಟು ಉಸಿರು ಹಿಡಿದು ನೋಡಿದರು. ಅದು ನಿಜಕ್ಕೂ ದೊಡ್ಡ ಕೆಲಸ, ನಾನೂ ಒಪ್ಪುತ್ತೇನೆ. ಅಕ್ಕನ ಕಣ್ಣೆದುರಿಗೇ ಅವಳ ಹದಿನೆಂಟನೆಯ ಹೆಣ ತಯಾರಾಗುತ್ತಿತ್ತು. ಅವಳು ಅಲ್ಲಾಡಲಿಲ್ಲ. ಗಂಟೆ ಇನ್ನೂ ಹೊಡೆದಿರಲಿಲ್ಲ.

ಗಂಟೆ ಹೊಡೆಯಿತು. ‘ಸಾಕಮ್ಮ, ಇನ್ನು ನೀನು ಬರ್ಬೇಕಾಗಿಲ್ಲ. ನಿನ್ನ ಮುಖ ನನ್ನ ಹತ್ರ ಇದೆ’ ಎಂದರು ಹೆಬ್ಬೆರಳು. ಅದನ್ನು ಅವರು ಹೊಗಳಿಕೆಯಾಗಿಯೇ ಹೇಳಿದ್ದು. ಅಕ್ಕ ಕಟ್ಟೆ ಇಳಿದು ಚಪ್ಪಲಿ ಮೆಟ್ಟಿಕೊಂಡಳು. ನನ್ನನ್ನು ದಾಟುವಾಗ ನಿಂತಳು.

‘ಬಹಳ ಚೆನ್ನಾಗಿ ಬರ್ದಿದೀಯಂತೆ’ ಎಂದಳು. ಅಷ್ಟೇ.

ಹೆಸರಿನ ಫಲಕವನ್ನು ಸಮಿತಿ ಮೊದಲೇ ಕಲ್ಲಿನಲ್ಲಿ ಕೆತ್ತಿಸಿಬಿಟ್ಟಿತ್ತು. ಬದಲಾಯಿಸುವುದು ಬೇಡ ಎಂದಾಯಿತು. ನಾಲ್ಕು ತಿಂಗಳ ನಂತರ ಕಂಚಿನ ಮುಖದ ಮೇಲಿನ ಪರದೆ ಸರಿಸಿದಾಗ ಜನ ಮೊದಲು ಮುಖ ನೋಡಿದರು, ಆಮೇಲೆ ಕೆಳಗಿನ ‘ಸಮೃದ್ಧಿ’ ಓದಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡು ಮೆಲ್ಲಗೆ ನಕ್ಕರು, ಅರ್ಥವಾದವರ ನಗು. ‘ಎಂಥ ಚಾಟಿ! ಎಂಥ ವ್ಯಂಗ್ಯ!’ ಎಂದರು ಮುಖ್ಯ ಅತಿಥಿಗಳು. ಹೆಬ್ಬೆರಳು ತಲೆ ತಗ್ಗಿಸಿ ಒಪ್ಪಿಕೊಂಡರು. ಅಕ್ಕನ ಆಸೆ ಈ ರೀತಿಯಲ್ಲಿ ನೆರವೇರಿತು.

ಅವಳೂ ಬಂದಿದ್ದಳು. ಡಾಕ್ಟರಮ್ಮ ಹೇಳಿದ ನಾಲ್ಕೈದು ತಿಂಗಳು ದಾಟಿ, ಹೇಳಿದ್ದೆಲ್ಲ ಅಕ್ಷರಶಃ ನಡೆದು, ಮುಖ ಹಣ್ಣಿನ ಹಾಗೆ ತುಂಬಿಕೊಂಡಿತ್ತು. ಹತ್ತು ವರ್ಷ ಚಿಕ್ಕವಳಾಗಿದ್ದಳು. ಭಾವ ಕಡಲೆಕಾಯಿ ಬಿಡಿಸುತ್ತ ಕಂಚಿನ ಮುಖ ನೋಡಿದರು, ಹೆಂಡತಿಯನ್ನು ನೋಡಿದರು. ‘ಏನೇ, ನೀನೇ ಅಲ್ಲವೇನೇ ಸಮೃದ್ಧಿ? ಅಲ್ಲಿರೋದು ಯಾವಳೋ ಅದು?’ ಎಂದರು ಗಟ್ಟಿಯಾಗಿ. ಮುಂದಿನ ಸಾಲಿನವರು ತಿರುಗಿ ಶ್ ಎಂದರು. ಅವಳ ಮುಖವನ್ನು ಮೂರು ವರ್ಷ ಬರೆದ ಹುಡುಗಿಯೊಬ್ಬಳು ಕ್ಯಾಮೆರಾ ಹಿಡಿದು ಬಂದು, ‘ಆಂಟೀ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಶಿಲ್ಪಕ್ಕೆ ಅಡ್ಡ ಆಗ್ತಿದೆ’ ಎಂದಳು. ಅಕ್ಕ ಪಕ್ಕಕ್ಕೆ ಸರಿದಳು.

ಹೆಬ್ಬೆರಳು ನಿವೃತ್ತರಾದರು. ಅವರ ಜಾಗಕ್ಕೆ ಬಂದ ಮೇಷ್ಟ್ರು ಒಳ್ಳೆಯವರು. ಅಕ್ಕನನ್ನು ಕೂರಿಸಿಕೊಂಡು ವಿವರಿಸಿದರು: ‘ದುಂಡು ಮುಖಕ್ಕೆ ಕ್ಯಾಂಟೀನಿನವರು ಇದಾರಮ್ಮ. ನಮಗೆ ಮೂಳೆ ಬೇಕು. ಇಳಿದ ಮೇಲೆ ಬನ್ನಿ.’ ಸದ್ಯಕ್ಕೆ ಅವಳ ಸ್ಟೂಲಿನ ಮೇಲೆ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಹಸಿಯುತ್ತಿದ್ದಾನೆ. ಅಕ್ಕ ಡಾಕ್ಟರಮ್ಮನ ಹತ್ತಿರ ಹೋಗಿ, ಹಾಕಿದ್ದನ್ನು ತೆಗೆದುಬಿಡಿ ಎಂದಳು. ‘ನಾವು ಹಾಕಿದ್ದು ಯಾವಾಗ್ಲೋ ಕರಗಿ ಹೋಯ್ತಮ್ಮ. ಈಗಿರೋದು ನೀವೇ ಮಾಡ್ಕೊಂಡಿರೋದು. ಅದನ್ನ ತೆಗೆಯೋಕೆ ಬರಲ್ಲ. ಎರಡು ವರ್ಷ, ಇನ್ನೂ ಹೆಚ್ಚೇ ಇರುತ್ತೆ’ ಎಂದು ಆಕೆ ಸಂತೋಷದ ಸುದ್ದಿ ಹೇಳಿದ ಹಾಗೆ ಹೇಳಿದರಂತೆ.

ಈಗ ಅಕ್ಕ ತಿಂಗಳಿಗೊಮ್ಮೆ ನನ್ನ ಸ್ಟೋರಿಗೆ ಬರುತ್ತಾಳೆ. ಬಣ್ಣದ ಡಬ್ಬಗಳ ನಡುವೆ ಸ್ಟೂಲು ಎಳೆದುಕೊಂಡು, ಪಾದ ಜೋಡಿಸಿಕೊಂಡು, ಗೋಡೆಯ ಕಡೆ ನೋಡುತ್ತ ಕೂರುತ್ತಾಳೆ. ಹೆಬ್ಬೆರಳು ಬಿಟ್ಟುಹೋದ ಕ್ಯಾಲಿಪರ್ ನನ್ನ ಹತ್ತಿರವೇ ಇದೆ. ‘ಅಳೆದು ಹೇಳು’ ಎನ್ನುತ್ತಾಳೆ. ಹೋದ ವಾರವೂ ಬಂದಿದ್ದಳು. ಕೆನ್ನೆಯಿಂದ ಕೆನ್ನೆಗೆ ಅಳೆದೆ. ಶಿಲ್ಪದ ಕೋಣೆಯ ಗೋಡೆಯಲ್ಲಿ ಆ ಶನಿವಾರ ಪೆನ್ಸಿಲಿನಲ್ಲಿ ಬರೆದ ಅಂಕಿ ಇನ್ನೂ ಅಳಿಸಿಲ್ಲ. ಅದಕ್ಕೂ ಇದಕ್ಕೂ ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

‘ಸ್ವಲ್ಪ ಇಳಿದಿದೆ ಅಕ್ಕ’ ಎಂದೆ.

ಅವಳು ಅಲ್ಲಾಡಲಿಲ್ಲ. ಗೋಡೆ ನೋಡುತ್ತಲೇ, ‘ಸುಳ್ಳು ಹೇಳೋದು ಈಗ ಕಲಿತ್ಯೇನೋ?’ ಎಂದಳು.